ಅತ್ತಿಗೆಯ ಕನ್ನಡ ಕಲಿತ ಡಾಕ್ಟರಮ್ಮ

ಹೋದ ವಾರ ರಾಯಕೋಟೆ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ಗೋಣಿಚೀಲ ಹಾಸಿಕೊಂಡು ಕಳಲೆ ಮಾರುತ್ತಿದ್ದಳು. ಬಿದಿರಿನ ಎಳೆ ಮೊಳಕೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಿದಾಗ ಬರುವ ಹುಳಿ ವಾಸನೆ ಇದೆಯಲ್ಲ, ಕೆಲವರು ಮೂಗು ಮುಚ್ಚಿಕೊಂಡೇ ದಾಟುತ್ತಾರೆ. ನಾನು ನಿಂತುಬಿಟ್ಟೆ. ಕೊಳ್ಳುವುದಕ್ಕಲ್ಲ… ನನಗೆ ಅದರ ಪಲ್ಯ ಮಾಡಲೂ ಬರುವುದಿಲ್ಲ. ಆ ವಾಸನೆಗೆ ಇಬ್ಬರು ಒಟ್ಟಿಗೇ ನೆನಪಾದರು. ಒಬ್ಬಳು ನನ್ನ ಅತ್ತಿಗೆ. ಇನ್ನೊಬ್ಬರು ಅವಳ ಹೆರಿಗೆ ಮಾಡಿಸಿದ ಡಾಕ್ಟರಮ್ಮ.

ಅತ್ತಿಗೆ ನಾಟ್ರಾಂಪಾಳ್ಯದವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಮಾತಿನಲ್ಲಿ ನನಗಿಂತ ದೊಡ್ಡವಳು. ನಾವಿರುವುದು ತಮಿಳುನಾಡಿನ ಗಡಿಯೊಳಗಾದರೂ ಅವಳಿಗೆ ತಮಿಳು ಮಾತ್ರ ಅಷ್ಟಕ್ಕಷ್ಟೆ. ಮದುವೆಯಾಗಿ ಆರು ವರ್ಷಕ್ಕೆ ಬಸುರಾದಾಗ, ನಮ್ಮೂರಿಗೆ ಹತ್ತಿರದಲ್ಲಿದ್ದ ಟ್ರಸ್ಟ್ ಆಸ್ಪತ್ರೆಗೆ ತಿಂಗಳು ತಿಂಗಳು ಅವಳನ್ನು ಕರೆದುಕೊಂಡು ಹೋಗುತ್ತಿದ್ದವಳು ನಾನು. ಅಣ್ಣನಿಗೆ ಟೊಮೆಟೊ ತೋಟ ಬಿಟ್ಟು ಬರಲಾಗುತ್ತಿರಲಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಮೂರು ಭಾಷೆ ಬಲ್ಲವಳು ಎಂದು ಮನೆಯವರಿಗೆ ಧೈರ್ಯ.

ಡಾಕ್ಟರಮ್ಮ ಅಸ್ಸಾಮಿನಾಚೆಯ ಯಾವುದೋ ಗುಡ್ಡದೂರಿನವರು. ಅಗಲ ಮುಖ, ಸಣ್ಣ ಕಣ್ಣು, ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು. ಓದಿದ್ದು ತಮಿಳುನಾಡಿನಲ್ಲೇ ಆದ್ದರಿಂದ ತಮಿಳನ್ನು ಸರಾಗವಾಗಿ ಮಾತಾಡುತ್ತಿದ್ದರು. ಆದರೂ ಬೆಂಚಿನ ಮೇಲೆ ಕಾಯುತ್ತಿದ್ದವರ ಬಾಯಲ್ಲಿ ಮೊದಲು ಅವರು ನೇಪಾಳದವರಾಗಿದ್ದರು. ಕೊರೊನಾ ಬಂದ ಮೇಲೆ "ಚೀನಾ ಡಾಕ್ಟ್ರು" ಎಂಬುದೇ ಹೆಸರಾಯಿತು. ಅವರಿಗೆ ಕೇಳಿಸುತ್ತಿತ್ತು. ಕೇಳಿಸದವರಂತೆ ಮುಂದಿನ ಚೀಟಿ ಕರೆಯುತ್ತಿದ್ದರು.

ಮೊದಲೆರಡು ಸಲ ಅತ್ತಿಗೆ ಮತ್ತು ಅವರ ನಡುವೆ ಮಾತು ದಾಟಿಸಿದವಳು ನಾನೇ. ಮೂರನೇ ಸಲ ಡಾಕ್ಟರಮ್ಮ ಒಂದು ಚಿಕ್ಕ ನೋಟ್‌ಬುಕ್ ತೆಗೆದು, ಇವರ ಮಾತನ್ನು ನಾನು ಇವರಿಂದಲೇ ಕಲಿಯುತ್ತೇನೆ ಎಂದರು. ಅಲ್ಲಿಂದಾಚೆ ಹೋದಾಗೆಲ್ಲ ನಾಲ್ಕೈದು ಮಾತು. ನೋವು, ಸುಸ್ತು, ವಾಕರಿಕೆ, ಮಗ ಒದೀತೈತೆ… ಅತ್ತಿಗೆಯ ಬಾಯಲ್ಲಿ ಮಗು ಗಂಡಾಗಲಿ ಹೆಣ್ಣಾಗಲಿ 'ಮಗ'. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನ ಮೇಷ್ಟರಿಕೆ ಸುಮ್ಮನಿರುತ್ತದೆಯೇ? "ಐತೆ ಅಲ್ಲ ಡಾಕ್ಟ್ರೇ, ಇದೆ ಅನ್ನಬೇಕು" ಎಂದೆ.

"ಸುಮ್ಕಿರು ಟೀಚರಮ್ಮಾ," ಎಂದಳು ಅತ್ತಿಗೆ. "ಆಯಮ್ಮ ಕಲೀತಾ ಇರಾದು ನನ್ನ ಜತೆ ಮಾತಾಡಾಕೆ, ಪರೀಕ್ಷೆ ಬರೆಯಾಕಲ್ಲ!"

ಏಳನೇ ತಿಂಗಳಲ್ಲಿ ಅತ್ತಿಗೆ ತವರಿಂದ ಬಂದ ಕಳಲೆಯ ಪಲ್ಯ ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಮುಚ್ಚಳ ತೆಗೆದ ಡಾಕ್ಟರಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ತಮ್ಮಮ್ಮನೂ ಇದನ್ನು ಮಾಡುತ್ತಾರೆ ಎಂದರು. ಇದೇ ವಾಸನೆಗೆ ರಾಯಕೋಟೆಯಲ್ಲಿ ಮನೆಯ ಓನರು ಬೈದು ಖಾಲಿ ಮಾಡಿಸಿದ್ದರಂತೆ. ಅದಕ್ಕೇ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತಿಗೆಗೆ ಕೋಪವೇ ಬಂತು. "ಇಲ್ಲೇ ತಿನ್ನಿ. ಯಾವನ್ ಏನಂತಾನೋ ನಾನ್ ನೋಡ್ಕಂತೀನಿ!" ಡಾಕ್ಟರಮ್ಮ ಮೇಜಿನ ಕಾಗದಗಳನ್ನು ಸರಿಸಿ, ಬೆರಳಲ್ಲಿ ಬಳಿದು ತಿಂದರು.

ಹೆರಿಗೆಯಾದದ್ದು ಮಧ್ಯಾಹ್ನ. ಹೆಣ್ಣು ಮಗು. ನರ್ಸಮ್ಮ ಅದನ್ನು ತಂದು ನನ್ನ ಕೈಗೆ ಕೊಟ್ಟು ಹಿಂದಿರುಗಿದವರು, ಮತ್ತೆ ಓಡುತ್ತಾ ಬಂದು ರಕ್ತ ಬೇಕು ಎಂದರು. ಅತ್ತಿಗೆಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಇರಲಿಲ್ಲ. ಜೀಪು ಹೊಸೂರಿಗೆ ಹೋಯಿತು. ವಾಪಸು ಬರುವಾಗ ಸಾನಮಾವು ಕಾಡಿನ ಹತ್ತಿರ ಆನೆಗಳು ರಸ್ತೆಗೆ ಬಂದು, ಫಾರೆಸ್ಟಿನವರು ಎರಡೂ ಕಡೆ ವಾಹನ ತಡೆದಿದ್ದರಂತೆ. ರಕ್ತ ಬರುವಷ್ಟರಲ್ಲಿ ಅತ್ತಿಗೆ ಇರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದರು. ಮೊಣಕೈವರೆಗೂ ರಕ್ತ. ಬಲಗೈ ನಡುಗುತ್ತಿತ್ತು. ತೋಟದಿಂದ ಓಡಿಬಂದಿದ್ದ ಅಣ್ಣನ ಕಡೆಗೆ ಎರಡು ಹೆಜ್ಜೆ ಇಟ್ಟರು.

"ನೋಡ್ರೋ, ಆ ಕೈ ನೋಡ್ರೋ!" ಎಂದು ಅಣ್ಣ ಕೂಗಿದ. "ಚೀನಾದಿಂದ ಬಂದು ನನ್ ಹೆಂಡ್ರನ್ನ ಕೊಂದ್ಬುಟ್ಳು!"

ಸುತ್ತಲಿದ್ದವರೂ ಅದನ್ನೇ ಕೂಗಿದರು. ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹೋಗಲಿಲ್ಲ. ಮಗುವನ್ನೆತ್ತಿಕೊಂಡು ನಾನೂ ಅಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಮೂರನೇ ದಿನ ಆಸ್ಪತ್ರೆಯ ಮ್ಯಾನೇಜರು ಮನೆಗೇ ಬಂದರು. ಕೈಮುಗಿದರು, ಕಣ್ಣೊರೆಸಿಕೊಂಡರು. ಆಮೇಲೆ, "ಹೊರಗಿನೋರನ್ನ ಇಟ್ಕೊಂಡಿದ್ದೇ ನಮ್ ತಪ್ಪು. ಒಂದು ಅರ್ಜಿ ಬರ್ಕೊಡಿ, ಆಯಮ್ಮನ್ನ ತೆಗೆದಾಕ್ತೀವಿ" ಎಂದರು. ಅಣ್ಣ ಕಾಗದವನ್ನು ನನ್ನ ಮುಂದಿಟ್ಟ. ಮ್ಯಾನೇಜರು ಹೇಳಿದರು, ನಾನು ತಮಿಳಿನಲ್ಲಿ ಬರೆದೆ. ನಮ್ಮ ಭಾಷೆ ತಿಳಿಯದ ಡಾಕ್ಟರು, ರೋಗಿ ಹೇಳಿಕೊಂಡ ನೋವು ಅರ್ಥವಾಗದೆ… ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಒಂದು ಗಳಿಗೆ ಮಾತ್ರ. ಅದು ಸುಳ್ಳೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಬರೆದು ಮುಗಿಸಿದೆ. ಅತ್ತಿಗೆ ಹೋದದ್ದಕ್ಕೆ ಹೊಣೆ ಮಾಡಲು ನನಗೂ ಯಾರಾದರೊಬ್ಬರು ಬೇಕಾಗಿದ್ದರು.

ತಿಥಿ ಮುಗಿದ ಮರುದಿನ ನರ್ಸಮ್ಮ ಮಗುವನ್ನು ನೋಡುವ ನೆಪದಲ್ಲಿ ಬಂದರು. ರಕ್ತ ಇಡುವ ಫ್ರಿಜ್ಜು ಕೆಟ್ಟು ನಾಲ್ಕು ತಿಂಗಳಾಗಿತ್ತಂತೆ. ರಿಪೇರಿ ಮಾಡಿಸಿ ಎಂದು ಡಾಕ್ಟರಮ್ಮ ಮೂರು ಸಲ ಬರೆದುಕೊಟ್ಟಿದ್ದರಂತೆ. ಮ್ಯಾನೇಜರು ಆಗಲಿ ನೋಡೋಣ ಅನ್ನುತ್ತಲೇ ಇದ್ದರಂತೆ.

"ಜೀಪು ಬರೋ ತನಕ ರಕ್ತ ನಿಲ್ಸೋಕೆ ಒಳಗೆ ಕೈಯಿಟ್ಟು ಅದುಮ್ಕೊಂಡೇ ಇದ್ರಕ್ಕಾ," ಎಂದರು ನರ್ಸಮ್ಮ. "ಒಂದೂವರೆ ಗಂಟೆ. ನಾನು ಅದುಮ್ಕೊಂತೀನಿ ಬಿಡಿ ಅಂದ್ರೂ ಕೈ ತೆಗೀಲಿಲ್ಲ. ನಿಮ್ಮತ್ಗೆ ಜತೆ ಕನ್ನಡದಾಗೇ ಮಾತಾಡ್ತಾ ಇದ್ರು."

ನಾನು ಕ್ವಾರ್ಟರ್ಸಿಗೆ ಹೋದೆ. ಡಾಕ್ಟರಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಮಗ ಹಾಲು ಕುಡೀತೈತಾ?" ಎಂದು ಕೇಳಿದರು.

ಅದು ಅತ್ತಿಗೆಯ ಮಾತು. ಅವಳು ಎಳೆಯುವ ಹಾಗೇ ಕೊನೆಯಲ್ಲಿ ಒಂದು ಎಳೆತ… ನನಗೆ ಅಳು ತಡೆಯಲಾಗಲಿಲ್ಲ. ಅರ್ಜಿ ಬರೆದವಳು ನಾನೇ ಎಂದೆ. ಗೊತ್ತು ಎಂಬಂತೆ ತಲೆಯಾಡಿಸಿದರು. ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಗೆ ಇಟ್ಟರು. ಆಮೇಲೆ ತಮಿಳಿನಲ್ಲಿ, ಅದರಲ್ಲಿ ಫ್ರಿಜ್ಜಿನ ವಿಷಯ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ.

"ಬರೀರಿ," ಎಂದರು ಕನ್ನಡದಲ್ಲಿ. "ಹೆರಿಗೆಗೆ ಇನ್ನೊಬ್ರು ಬತ್ತಾರೆ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ ನಂಬರು ಬರೆದುಕೊಟ್ಟು, ಮಗುವಿನ ತೂಕ ತಿಳಿಸಿ ಎಂದರು.

ಅಂದೇ ಎರಡನೇ ಅರ್ಜಿ ಬರೆದೆ. ಮೊದಲನೆಯದರಲ್ಲಿ ಬರೆದದ್ದು ಸುಳ್ಳೆಂದೂ, ಫ್ರಿಜ್ಜು ಕೆಟ್ಟಿತ್ತೆಂದೂ ಬರೆದು ಟ್ರಸ್ಟಿಗೂ ಕೃಷ್ಣಗಿರಿಯ ಕಲೆಕ್ಟರ್ ಆಫೀಸಿಗೂ ಕಳಿಸಿದೆ. ಅಣ್ಣ ನನ್ನೊಂದಿಗೆ ಏಳೆಂಟು ತಿಂಗಳು ಮಾತು ಬಿಟ್ಟ. ಆಸ್ಪತ್ರೆಗೆ ಹೊಸ ಫ್ರಿಜ್ಜು ಬಂತು. ಡಾಕ್ಟರು ತಾವಾಗಿಯೇ ಕೆಲಸ ಬಿಟ್ಟಿರುವುದರಿಂದ ವಿಚಾರಣೆ ಮುಗಿಸಲಾಗಿದೆ ಎಂದು ಒಂದು ಕಾಗದವೂ ಬಂತು. ಮಗುವಿನ ತೂಕವನ್ನು ಒಂದು ವರ್ಷ ತಿಳಿಸುತ್ತಿದ್ದೆ. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು ಫೋನು.

ಈಗ ಅತ್ತಿಗೆಯ ಮಗಳು ನಮ್ಮ ಶಾಲೆಯಲ್ಲೇ ಒಂದನೇ ಕ್ಲಾಸು. ಮೊನ್ನೆ ಊಟದ ಹೊತ್ತಿಗೆ, "ಅತ್ತೇ, ಅಮ್ಮ ಸಾಯ್ವಾಗ ಜತೇಲಿ ಯಾರಿದ್ರು?" ಎಂದು ಕೇಳಿತು. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಒಬ್ರು ಡಾಕ್ಟ್ರಮ್ಮ ಇದ್ರು ಕಣವ್ವಾ," ಎಂದ. "ನಾನು ಅವ್ರನ್ನ ಬೈದ್ಬುಟ್ಟೆ. ಬೈಬಾರ್ದಾಗಿತ್ತು."

ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳಬೇಕಾದವರು ಯಾವ ಊರಲ್ಲಿದ್ದಾರೋ… ನನಗೆ ತಿಳಿಯದು. ಮಗು ಅವನ ಮುಖವನ್ನೇ ನೋಡುತ್ತಾ ಕೂತಿತ್ತು.