ಮಾವನ ಹಲ್ಲಿನ ಶೇಡು

ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಜೀನ್ಸ್ ಚುಂಯ್ ಎಂದಾಗ ಏಳುವ ವಾಸನೆ ನಿಮಗೆ ಗೊತ್ತಲ್ಲ? ನಿಮಗೆ ಆಫೀಸು ನೆನಪಾಗಬಹುದು. ನನಗೆ ಮಾತ್ರ ರಾಯದುರ್ಗದ ನನ್ನ ಸೋದರಮಾವನ ಹಲ್ಲು ನೆನಪಾಗುತ್ತದೆ.

ಮಾವ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಮೇಸ್ತ್ರಿ. ಕೊರಳಲ್ಲಿ ಕತ್ತರಿ ನೇತಾಡುತ್ತಿದ್ದರೂ ದಾರ ಕಡಿಯುವುದು ಹಲ್ಲಿನಿಂದಲೇ; ಅಲ್ಲಿನ ಟೈಲರುಗಳೆಲ್ಲರ ಚಾಳಿ ಅದು. ಒಂದು ದಿನ ದಾರ ಗೆದ್ದಿತು, ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಅಂದಿನಿಂದ ಮನುಷ್ಯ ನಗುವುದನ್ನೇ ಬಿಟ್ಟ. ಅದೇ ಹೊತ್ತಿಗೆ ಅವನ ಮಗಳು ಗಂಗಾ, ಮಡಕಶಿರಾ ಕಡೆಯಿಂದ ಹೊಲಿಗೆ ಕೆಲಸಕ್ಕೆ ಬಂದಿದ್ದ ಹುಡುಗನನ್ನು ಮದುವೆಯಾಗುತ್ತೇನೆಂದಳು. ಮಾವ ಬಾಯಿ ಬಿಡದೆ "ಹೂಂ" ಎಂದ.

"ಹಲ್ಲು ಬರೀ ನೆವ. ಅಪ್ಪಗ ಈ ಸಂಬಂಧಕ್ಕ ಮನಸಿಲ್ಲ" ಎಂದು ಆಕೆ ನನ್ನೆದುರು ಅತ್ತಳು.

ಮಾವನಿಗೆ ಹೇಳಿದರೆ, "ಮದಿವ್ಯಾಗ ನಗ್ತೀನಿ ತಡಿ, ಹಲ್ಲು ಬರ್ಲಿ" ಎಂದ.

ಮುರಿದ ಹಲ್ಲಿನ ಮೇಲೆ ತೊಡಿಸಲು ಹಲ್ಲಿನ ಡಾಕ್ಟರು ಮಾಡಿಸಿ ತಂದ ಪಿಂಗಾಣಿ ಕ್ಯಾಪು ಮೊದಲ ಸಲವೇ ಸರಿಯಾಗಿ ಕೂತಿತು. ಆದರೆ ಎಲೆಅಡಿಕೆ ತಿಂದ ಹಲ್ಲುಗಳ ನಡುವೆ ಅದೊಂದೇ ಬೆಳ್ಳಗೆ. "ಶೇಡ್ ಹೊಂದಿಲ್ರಿ, ವಾಪಸ್ ಕಳಸ್ರಿ" ಎಂದ ಮಾವ.

"ಬ್ಯಾಡ್ರಿ. ಬಣ್ಣಕ್ಕಂತ ಮತ್ತ ಮತ್ತ ಭಟ್ಟಿಗೆ ಹಾಕಿದ್ರ ಅಂಚು ಸೊಟ್ಟ ಆಗ್ತದ. ಆಮ್ಯಾಲೆ ಉಜ್ಜಿ ಪಾಲಿಶ್ ಮಾಡಿದ್ರ ಸವೀತದ. ಕ್ಯಾಪ್ ಸರಿಯಾಗಿ ಕೂರಂಗಿಲ್ಲ" ಎಂದರು ಡಾಕ್ಟರು.

"ಜೀನ್ಸಿಗೆ ಒಂದ್ ವಾಶಿಗೆ ಶೇಡ್ ಬರ್ಲಿಲ್ಲಂದ್ರ ಇನ್ನೊಂದು ಹಾಕ್ತೀವ್ರಿ. ಸಡ್ಲಾದ್ರ ಹೊಲಿಗಿ ಹಿಡೀತೀವಿ."

"ಹಲ್ಲಿಗೆ ಎಲ್ಲಿ ಹೊಲಿಗಿ ಹಾಕ್ಲಿ ಮೇಸ್ತ್ರಿ?"

ಮೇಸ್ತ್ರಿ ಕೇಳಬೇಕಲ್ಲ! ಕ್ಯಾಪು ಭಟ್ಟಿಗೂ ಬಾಯಿಗೂ ಓಡಾಡಿತು. ಕೊನೆಗೆ ಬಣ್ಣ ಸೊಗಸಾಗಿ ಹಳದಿಯಾಯಿತು, ಕ್ಯಾಪು ಮಾತ್ರ ಹಲ್ಲಿನ ಮೇಲೆ ತೂಗಾಡತೊಡಗಿತು. ಮರುದಿನವೇ ಮದುವೆ. ಡಾಕ್ಟರು ಹೇಗೋ ಅಂಟಿಸಿ, "ಹೊಸಾದು ಮಾಡ್ಸೋತನಕ ಜೋರಾಗಿ ನಗಬ್ಯಾಡ್ರಿ" ಎಂದು ಕೈಮುಗಿದರು. ನಗಲೆಂದೇ ಹಲ್ಲು ಕಟ್ಟಿಸಿಕೊಂಡವನಿಗೆ ಎಂಥ ಬುದ್ಧಿಮಾತು ನೋಡಿ!

ಕೊರಳಿಗೆ ತಾಳಿ ಬಿದ್ದ ಕೂಡಲೆ ಮಾವ ಮಗಳ ಮುಖ ನೋಡಿ ಬಾಯಿತುಂಬ ನಕ್ಕ. ಕ್ಯಾಪು ಹಾರಿ ಅಕ್ಷತೆಯ ತಟ್ಟೆಗೆ ಬಿತ್ತು. ಹುಡುಕಿದರೆ ಸಿಗಲೊಲ್ಲದು, ಶೇಡು ಕೊನೆಗೂ ಹೊಂದಿತ್ತು, ಅಕ್ಷತೆಗೆ. ನಾವೆಲ್ಲ ತಟ್ಟೆ ಕೆದಕುತ್ತಿದ್ದರೆ ಮಾವ ಮುರುಕು ಹಲ್ಲಿನಲ್ಲೇ ನಗುತ್ತಿದ್ದ, ನಿಲ್ಲಿಸಲು ಅವನಿಂದಾಗಲಿಲ್ಲ.

ಗಂಗಾ ಅವನ ಕೈ ಹಿಡಿದಳು. "ಅಪ್ಪಾ, ನೀ ನಗಲಾರ್ದಿದ್ದದ್ದು ಖರೇನ ಹಲ್ಲಿನ ಸಲುವಾಗೇ ಏನು?"

"ಹೂನವ್ವ, ಹಲ್ಲಿನ ಸಲುವಾಗೇ."

"ಇಷ್ಟು ದಿನ ನನ್ನ ಅಳಿಸಿಬಿಟ್ಟೆಲ್ಲ" ಎಂದವಳು ಅಳುತ್ತಲೇ ನಕ್ಕಳು.

ಕಳೆದ ವಾರ ನನ್ನ ಮುಂದಿನ ಹಲ್ಲೂ ಮುರಿಯಿತು. ಡಾಕ್ಟರಿಗೆ ಇನ್ನೂ ತೋರಿಸಿಲ್ಲ. ಮೊದಲು ನನ್ನ ಮಗಳನ್ನು ಕರೆದು, ಎದುರಿಗೆ ಕೂರಿಸಿಕೊಂಡು, ಬಾಯಿತುಂಬ ನಕ್ಕೆ.