ಭಾನುವಾರದ ಹಾಲು

ಕರಾರು ಪತ್ರವನ್ನು ಅವಳೇ ಟೈಪ್ ಮಾಡಿದ್ದಳು. ಮೂರು ಪ್ರತಿ, ನಡುವೆ ಕಾರ್ಬನ್ ಹಾಳೆ, ಒಂದು ಅಕ್ಷರವೂ ತಪ್ಪಿಲ್ಲ. ಹದಿನೆಂಟು ವರ್ಷ ಒಂದೇ ಕಚೇರಿಯಲ್ಲಿ ಕೂತು ಬೇರೆಯವರ ಷರತ್ತುಗಳನ್ನು ಟೈಪ್ ಮಾಡಿದವಳಿಗೆ ತನ್ನ ಮೇಲೆ ಬೀಳುವ ಷರತ್ತು ಟೈಪ್ ಮಾಡುವುದು ಕಷ್ಟವಾಗಲಿಲ್ಲ. ನಾಲ್ಕನೆಯದು ಹೀಗಿತ್ತು: ಭಾನುವಾರ ಈ ಜಮೀನಿನಲ್ಲಿ ಯಾವ ಕೆಲಸವೂ ನಡೆಯಕೂಡದು. ಜಮೀನು ಅವಳ ಗಂಡನ ದೊಡ್ಡಪ್ಪನದು. ನಿವೃತ್ತ ಹೆಡ್‌ಮಾಸ್ತರರು, ಚರ್ಚಿನ ಹಿರಿಯರು. ಒಂದು ವರ್ಷ ಷರತ್ತು ಪಾಲಿಸಿದರೆ ಮುಂದಿನ ಹತ್ತು ವರ್ಷ ಅಲ್ಲೇ ಇರಬಹುದು. ತಪ್ಪಿದರೆ ಬಿಟ್ಟು ಹೊರಡಬೇಕು.

ಹೊರಟು ಹೋಗಲು ಅವರಿಗೆ ಬೇರೆ ಜಾಗ ಇರಲಿಲ್ಲ. ಕಚೇರಿಯಲ್ಲಿ ಟೈಪಿಂಗ್ ವಿಭಾಗವನ್ನೇ ಮುಚ್ಚಿದ್ದರು. ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಜನ ಗಡಿಯಾರ ಕೆಟ್ಟರೆ ಹೊಸದು ಕೊಳ್ಳತೊಡಗಿದ ಮೇಲೆ ಅವನ ಅಂಗಡಿಯಲ್ಲಿ ಅವನೂ ನೊಣಗಳೂ ಉಳಿದವು. ಹನ್ನೆರಡರ ದೊಡ್ಡ ಮಗಳು, ಆರರ ಚಿಕ್ಕ ಮಗಳು. ನಾವು ತಿನ್ನುವುದನ್ನು ನಾವೇ ಬೆಳೆಯೋಣ ಎಂದು ಹೇಳಿದವಳು ಅವಳು. ಸುತ್ತಲಿನವರು ನಕ್ಕರು. ಬೇಲಿಯ ಈಚೆ ಇದ್ದ ನಾನೂ ನಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಗುವಂತೆಯೇ ಇತ್ತು. ಆಲೂಗಡ್ಡೆ ನೆಡುವಾಗ ಅವಳು ಸ್ಕೇಲ್ ಹಿಡಿದು ಅಳೆದಳು. ಪತ್ರದ ಅಂಚು ಬಿಟ್ಟ ಹಾಗೆ ಎರಡೂ ಕಡೆ ಸಮನಾಗಿ ಜಾಗ ಬಿಟ್ಟಳು. ಅವನು ಕೋಳಿಗೂಡಿಗೆ ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗ್ ಹಾಕಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಮಾಡಿದ. ಬಾಗಿಲು ಚೆನ್ನಾಗಿಯೇ ಮುಚ್ಚಿಕೊಂಡಿತು. ತೆಗೆಯಲು ಬರಲಿಲ್ಲ. ಕೋಳಿಗಳನ್ನು ಕೊನೆಗೆ ಗೂಡಿನ ಚಾವಣಿ ಕಿತ್ತು ಹೊರಗೆ ತೆಗೆದರು.

"ಇದನ್ನ ಕಳ್ಳರಿಗೆ ಮಾಡಿದ್ದಾ, ನಮಗೆ ಮಾಡಿದ್ದಾ?" ಎಂದು ಅವಳು ಕೇಳಿದಳು.

"ನರಿಗೆ," ಎಂದ ಅವನು, ಚಾವಣಿಯ ಮೇಲಿಂದ.

"ನರಿ ಹೊರಗೇ ನಿಂತು ನಗ್ತಾ ಇದೆ ಬಿಡಿ."

ಆದರೂ ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಬೀನ್ಸ್, ಕುಂಬಳ, ಆಲೂಗಡ್ಡೆ, ಮೊಟ್ಟೆ ಎಲ್ಲವೂ ಮನೆಯದೇ ಆದವು. ಹಾಲು ಕೊಡುವ ಎರಡು ಆಡುಗಳು ಮರಿಗಳ ಸಮೇತ ಬಂದವು. ಒಂದರ ಹೆಸರು ಚುಕ್ಕಿ. ಇನ್ನೊಂದು ಯಾರನ್ನೂ ಲೆಕ್ಕಿಸದೆ ತಲೆಯೆತ್ತಿ ನಡೆಯುತ್ತಿದ್ದುದರಿಂದ ಮಕ್ಕಳು ಅದಕ್ಕೆ ಮೇಡಂ ಎಂದು ಹೆಸರಿಟ್ಟರು.

ಭಾನುವಾರದ ಷರತ್ತನ್ನು ಅವರು ಭಯಕ್ಕೆ ಪಾಲಿಸಲಿಲ್ಲ, ನಂಬಿ ಪಾಲಿಸಿದರು. ಶನಿವಾರ ಸಂಜೆ ಆರೂವರೆಗೆ ಕೊನೆಯ ಹಾಲು ಕರೆದು, ಎರಡು ದಿನದ ಮೇವು ಕತ್ತರಿಸಿಟ್ಟು, ಗುದ್ದಲಿ ತೊಳೆದು ಒಳಗಿಟ್ಟರೆ ಮುಗಿಯಿತು. ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಶುರು. ನಡುವಿನ ಹೊತ್ತು ಕರ್ತನದು. ಆಡುಗಳಿಗೂ ಒಂದು ದಿನ ವಿಶ್ರಾಂತಿ ಇರಲಿ ಎಂದು ಅವರು ಪ್ರಾಮಾಣಿಕವಾಗಿ ತಿಳಿದಿದ್ದರು. ಹಾಲು ಕೊಡುವುದು ಆಡಿನ ಕೆಲಸ, ಕೆಲಸಕ್ಕೆ ರಜೆ ಇರಬೇಕು: ಕಚೇರಿಯಲ್ಲೂ ಚರ್ಚಿನಲ್ಲೂ ಬೆಳೆದವರ ತರ್ಕ ಇದು. ಆಡು ಸಾಕಿ ಬೆಳೆದ ಯಾರಿಗೂ ಈ ಮಾತು ಹೊಳೆಯುತ್ತಿರಲಿಲ್ಲ.

ಆಡುಗಳು ಬಂದ ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಮರಿಗಳು ಜೊತೆಯಲ್ಲೇ ಇದ್ದವು, ಭಾನುವಾರದ ಹಾಲನ್ನು ಅವೇ ಕುಡಿದವು. ಮನೆಯವರಿಗೆ ಅದು ಗಮನಕ್ಕೆ ಬರಲಿಲ್ಲ. ತಮ್ಮ ನೇಮವೇ ಕೆಲಸ ಮಾಡುತ್ತಿದೆ ಎಂದುಕೊಂಡರು. ಮರಿಗಳು ದೊಡ್ಡವಾಗಿ, ಅವನ್ನು ಬೇರೆಯವರಿಗೆ ಕೊಟ್ಟ ವಾರ, ಭಾನುವಾರ ಮಧ್ಯಾಹ್ನದಿಂದ ಎರಡೂ ಆಡು ಕೂಗತೊಡಗಿದವು. ಸಂಜೆಯ ಹೊತ್ತಿಗೆ ಅದು ಕೂಗಾಗಿರಲಿಲ್ಲ, ಅರಚಾಟವಾಗಿತ್ತು. ಒಳಗೆ ಮನೆಮಂದಿ ಕೂತು ಕೀರ್ತನೆ ಹಾಡುತ್ತಿದ್ದರು. ಆಡುಗಳ ದನಿ ಏರಿದಂತೆ ಇವರೂ ದನಿ ಏರಿಸಿದರು. ಬೇಲಿಯ ಈಚೆಯಿಂದ ಎರಡೂ ಗುಂಪುಗಳನ್ನು ಕೇಳಿದ ನನಗೆ ಯಾರು ಹೆಚ್ಚು ಸಂಕಟದಲ್ಲಿದ್ದಾರೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಸೋಮವಾರ ಮೇಡಂನ ಬಲಗಡೆಯ ಕೆಚ್ಚಲು ಕಲ್ಲಾಗಿತ್ತು. ಮುಟ್ಟಿದರೆ ಸುಡುತ್ತಿತ್ತು. ಹಿಂಡಿದಾಗ ಒಡೆದ ಹಾಲಿನಂಥ ಗರಣೆ ಬಂತು, ಅದರಲ್ಲಿ ರಕ್ತದ ಎಳೆ. ಪಶುವೈದ್ಯೆ ಬಂದಳು. ಚಿಕ್ಕ ವಯಸ್ಸಿನ ಹೆಂಗಸು, ಮಾತಿನಲ್ಲಿ ದಾಕ್ಷಿಣ್ಯ ಇಲ್ಲ.

"ಎಷ್ಟು ಹೊತ್ತು ಕರೀದೆ ಬಿಟ್ಟಿದ್ರಿ?"

"ಮೂವತ್ತನಾಲ್ಕು ಗಂಟೆ," ಎಂದ ಗಂಡ. ಗಡಿಯಾರದವನಲ್ಲವೆ, ನಿಖರವಾಗಿ ಹೇಳಿದ.

"ಮರ್ತುಬಿಟ್ರಾ?"

"ಇಲ್ಲ, ನಿನ್ನೆ ಭಾನುವಾರ."

ವೈದ್ಯೆ ಸೂಜಿ ಕೆಳಗಿಟ್ಟು, ಅವನನ್ನಲ್ಲ, ಅವನ ಹೆಂಡತಿಯನ್ನು ನೋಡಿದಳು. "ನಿಮಗೆ ಎರಡು ಹೆಣ್ಣುಮಕ್ಕಳು ಅಲ್ವಾ ಅಮ್ಮಾ? ಎದೆಹಾಲು ಕೊಡ್ತಿದ್ದಾಗ ಭಾನುವಾರ ರಜಾ ಹಾಕಿದ್ರಾ?"

ದೊಡ್ಡ ಮಗಳು ಹುಟ್ಟಿದಾಗ ಕಚೇರಿಯಿಂದ ಮನೆಗೆ ಬರುವಷ್ಟರಲ್ಲಿ ರವಿಕೆ ಒದ್ದೆಯಾಗಿ, ಎದೆ ಕಲ್ಲಾಗಿ, ಬಸ್ಸಿನಲ್ಲಿ ನಿಲ್ಲಲಾರದೆ ನಿಂತಿದ್ದವಳು ಅವಳು. ಗೊತ್ತಿದ್ದ ನೋವೇ. ಗೊತ್ತಿದ್ದೂ ಹಾಡು ಹಾಡಿದ್ದಳು. ಅದನ್ನು ಅವಳು ತನಗೆ ಎಂದೂ ಮಾಫಿ ಮಾಡಿಕೊಳ್ಳಲಿಲ್ಲ, ಮಾಡಿಕೊಳ್ಳಬೇಕಾಗಿಯೂ ಇರಲಿಲ್ಲ.

ಮೇಡಂ ಬದುಕಿತು, ಬಲಗಡೆಯ ಕೆಚ್ಚಲು ಬತ್ತಿಹೋಯಿತು. ಮುಂದಿನ ಭಾನುವಾರ ಬೆಳಿಗ್ಗೆ ಅವಳು ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.

"ನಾಲ್ಕನೇ ಷರತ್ತು," ಎಂದ ಗಂಡ ಬಾಗಿಲಲ್ಲಿ ನಿಂತು.

"ಟೈಪ್ ಮಾಡಿದ್ದು ನಾನೇ. ನೀವು ನೆನಪು ಮಾಡಬೇಕಾಗಿಲ್ಲ."

"ದೊಡ್ಡಪ್ಪನಿಗೆ ಗೊತ್ತಾದ್ರೆ?"

"ಗೊತ್ತಾಗಲಿ. ಕದ್ದು ಕರೀತಿಲ್ಲ."

ಗೊತ್ತಾಗಲು ತಡವೂ ಆಗಲಿಲ್ಲ. ಅದೇ ದಿನ ಸಂಡೇ ಸ್ಕೂಲಿನಲ್ಲಿ, ಕರ್ತನ ದಿನವನ್ನು ನೀವು ಹೇಗೆ ಶುರುಮಾಡಿದಿರಿ ಎಂದು ಟೀಚರ್ ಕೇಳಿದರು. ಒಬ್ಬರು ಪ್ರಾರ್ಥನೆ ಎಂದರು, ಒಬ್ಬರು ಸ್ತೋತ್ರ ಎಂದರು. ಚಿಕ್ಕವಳು ಎದ್ದು ನಿಂತು, "ಅಮ್ಮ ಹಾಲು ಕರೆದ್ರು, ನಾನು ಚುಕ್ಕಿ ಕೊಂಬು ಹಿಡ್ಕೊಂಡಿದ್ದೆ," ಎಂದಳು. ಬೇರೆ ಎಲ್ಲರಿಗಿಂತ ತನ್ನದೇ ಒಳ್ಳೆಯ ಉತ್ತರ ಎಂಬ ಧೈರ್ಯ ಅವಳಿಗೆ.

ಆರಾಧನೆ ಮುಗಿದ ಮೇಲೆ ದೊಡ್ಡಪ್ಪ ಚರ್ಚಿನ ಮೆಟ್ಟಿಲ ಮೇಲೆ ಕಾದು ನಿಂತಿದ್ದರು. ಅವರು ಕೆಟ್ಟವರಲ್ಲ. ಒಂದೇ ಕೋಟನ್ನು ಇಪ್ಪತ್ತು ವರ್ಷ ಹಾಕಿದವರು, ಯಾರದೊಂದು ಕಾಸನ್ನೂ ಮುಟ್ಟಿದವರಲ್ಲ. ಸರಿ ಯಾವುದು ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಅದನ್ನು ಮತ್ತೆ ತೆರೆದು ನೋಡುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ.

"ಮುಂದಿನ ವಾರ ಸಭೆ ಮುಂದೆ ತಪ್ಪಾಯ್ತು ಅಂತ ಹೇಳಮ್ಮ. ಮತ್ತೆ ಮಾಡಲ್ಲ ಅಂತ ಹೇಳು. ನಾನು ಮರೆತುಬಿಡ್ತೀನಿ."

"ತಪ್ಪು ಆಗಿದೆ ಮಾವ. ಹಿಂದಿನ ಭಾನುವಾರ ಕರೀದೆ ಇದ್ದದ್ದು ತಪ್ಪು. ಅದನ್ನ ಬೇಕಾದ್ರೆ ಸಭೆ ಮುಂದೆ ಹೇಳ್ತೀನಿ."

"ನಮ್ಮ ತಂದೆ ನಲವತ್ತು ವರ್ಷ ಇದೇ ನೆಲದಲ್ಲಿ ಎಂಟು ದನ ಸಾಕಿದ್ರು. ಒಂದು ಭಾನುವಾರವೂ ಕೆಲಸ ಮುಟ್ಟಲಿಲ್ಲ, ಒಂದು ದನಕ್ಕೂ ಏನೂ ಆಗಲಿಲ್ಲ. ನಿನ್ನೆ ಮೊನ್ನೆ ಗುದ್ದಲಿ ಹಿಡಿದ ನೀನು ನನಗೆ ಹೇಳ್ತೀಯಾ?"

ನಲವತ್ತು ವರ್ಷ, ಎಂಟು ದನ, ಒಂದರ ಕೆಚ್ಚಲೂ ಬಾತಿರಲಿಲ್ಲ. ಅದು ಹೇಗೆ ಸಾಧ್ಯ ಎಂದು ವಾರವಿಡೀ ತಲೆ ಕೆಡಿಸಿಕೊಂಡಳು.

ಮುಂದಿನ ಭಾನುವಾರ ಅವಳು ತಪ್ಪೊಪ್ಪಿಕೊಳ್ಳಲು ಎದ್ದು ನಿಲ್ಲಲಿಲ್ಲ. ಚುಕ್ಕಿಯ ಬೆಳಗಿನ ಹಾಲು ಕರೆಯದೆ ಹಾಗೇ ಹಗ್ಗ ಹಿಡಿದು ಕರೆತಂದು, ಚರ್ಚಿನ ಅಂಗಳದ ಕಂಬಕ್ಕೆ ಕಟ್ಟಿದಳು. ಪಾಸ್ಟರ್ ಪ್ರಸಂಗ ಮಾಡುವಷ್ಟು ಹೊತ್ತೂ ಚುಕ್ಕಿ ಹೊರಗಿನಿಂದ ತನ್ನ ಮಾತು ಸೇರಿಸಿತು. ಜನ ಹೊರಗೆ ಬಂದಾಗ ಅವಳು ಆಡಿನ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಚೊಂಬು.

"ಮುಟ್ಟಿ ನೋಡಿ ಮಾವ."

"ದೇವರ ಮನೆ ಮುಂದೆ ಏನಿದು ತಮಾಷೆ?"

"ತಮಾಷೆ ಅಲ್ಲ. ಒಂದ್ಸಲ ಕೈಯಿಟ್ಟು ನೋಡಿ. ಆಮೇಲೆ ಕರೀಬೇಡ ಅಂತ ಹೇಳಿ, ಹೀಗೇ ಹಿಡ್ಕೊಂಡು ಹೋಗ್ತೀನಿ."

ಅವರು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಗುಂಪಿನಿಂದ ಮುಂದೆ ಬಂದವರು ದೊಡ್ಡಮ್ಮ, ಅವರ ಹೆಂಡತಿ. ಐವತ್ತು ವರ್ಷದ ಸಂಸಾರದಲ್ಲಿ ಸಭೆಯೆದುರು ಅವರು ಗಂಡನಿಗೆ ಎದುರಾಡಿದ್ದನ್ನು ಕಂಡವರಿಲ್ಲ. ಬಗ್ಗಿ ಕೆಚ್ಚಲು ಮುಟ್ಟಿದರು, ತಟ್ಟನೆ ಕೈ ತೆಗೆದರು.

"ಅಯ್ಯೋ, ಕಲ್ಲಾಗಿದೆಯಲ್ಲೇ. ಕರಿ, ಕರಿ ಮೊದಲು. ಇದೇನು ಹೊಸದಾ? ನಮ್ಮ ಮಾವನವರ ಕಾಲದಲ್ಲೂ ಭಾನುವಾರ ಕರೀತಿರಲಿಲ್ವಾ?"

ದೊಡ್ಡಪ್ಪ ತಿರುಗಿದರು. "ಯಾರು ಕರೀತಿದ್ರು?"

"ಬಾವಿ ಹಿಂದಿನ ಗುಡಿಸಲಲ್ಲಿ ಇದ್ಲಲ್ಲ, ನಮ್ಮ ಸಭೆಯವಳಲ್ಲ, ಆ ಆಳು ಹೆಂಗಸು. ಭಾನುವಾರ ಎಂಟೂ ದನ ಅವಳೇ ಕರೆದು, ಹಾಲು ಹಿತ್ತಿಲ ಬಾಗಿಲಲ್ಲಿಟ್ಟು ಹೋಗ್ತಿದ್ಲು. ನೀವು ಮುಂದಿನ ಬಾಗಿಲಿಂದ ಚರ್ಚಿಗೆ ಹೋಗ್ತಿದ್ರಿ, ನಿಮಗೆಲ್ಲಿ ಕಾಣಬೇಕು? ಹಾಲು ಮಾತ್ರ ಕುಡಿದಿದ್ದೀರಿ."

ಅಂಗಳದಲ್ಲಿ ಯಾರೋ ಕೆಮ್ಮಿದರು. ನಲವತ್ತು ವರ್ಷದ ನೇಮಕ್ಕೆ ಯಾವ ಕೈಗಳು ಊರುಗೋಲಾಗಿದ್ದವೆಂದು ಗೊತ್ತಾಗಲು ಅಷ್ಟೇ ಸಾಕಾಯಿತು. ಅಂಥ ಹೊತ್ತಿನಲ್ಲಿ ಮನುಷ್ಯ ತಪ್ಪನ್ನು ಒಪ್ಪಿಕೊಳ್ಳುತ್ತಾನೆ, ಇಲ್ಲವೆ ಊರುಗೋಲನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ದೊಡ್ಡಪ್ಪ ಎರಡನೆಯದನ್ನು ಮಾಡಿದರು.

"ಸರಿ. ಹಾಗಾದ್ರೆ ನೀವೂ ಒಬ್ಬಳನ್ನ ಇಟ್ಕೊಳ್ಳಿ. ಷರತ್ತು ಉಳಿಯುತ್ತೆ, ಆಡೂ ಉಳಿಯುತ್ತೆ. ಯಾರಾದ್ರೂ ಹೊರಗಿನವಳು ಸಿಕ್ತಾಳೆ."

ದಾರಿ ಸುಲಭವಾಗಿತ್ತು. ಹೂಂ ಎಂದಿದ್ದರೆ ಹತ್ತು ವರ್ಷದ ಜಮೀನು ಕೈಗೆ ಬರುತ್ತಿತ್ತು. ಗಂಡ ಅವಳ ಮುಖ ನೋಡಿದ. ಅವನ ಕಣ್ಣು ಒಪ್ಪಿಕೋ ಎನ್ನುತ್ತಿತ್ತು ಎಂದು ಅವನೇ ಆಮೇಲೆ ನನಗೆ ಹೇಳಿದ್ದಾನೆ.

"ಆಗಲ್ಲ ಮಾವ," ಎಂದಳು. "ಇದು ಪಾಪವಾದ್ರೆ ನನ್ನ ಪಾಪ ನಾನೇ ಮಾಡ್ತೀನಿ, ಕೂಲಿ ಕೊಟ್ಟು ಇನ್ನೊಬ್ಬಳ ತಲೆ ಮೇಲೆ ಹೊರಿಸಲ್ಲ. ಪಾಪ ಅಲ್ಲದಿದ್ರೆ ನನಗೇ ಯಾಕೆ ಬೇಡ?" ಹೇಳಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಇಡೀ ಸಭೆಯೆದುರು ಕರೆಯತೊಡಗಿದಳು. ಚೊಂಬು ತುಂಬಿತು.

"ಕರಾರು ಮುಗೀತು," ಎಂದರು ದೊಡ್ಡಪ್ಪ. "ತಿಂಗಳ ಕೊನೆಗೆ ಬಿಡಿ."

"ಬಿಡ್ತೀವಿ."

"ಎಲ್ಲಿಗೆ ಹೋಗ್ತಾರೆ?" ಎಂದು ದೊಡ್ಡಮ್ಮ ಕೇಳಿದರು.

"ಅದು ಅವರ ಚಿಂತೆ."

"ನನ್ನದೂ ಹೌದು. ರಸ್ತೆ ಪಕ್ಕದ ಮೇಲಿನ ಎಕರೆ ನಮ್ಮಪ್ಪ ನನಗೆ ಕೊಟ್ಟದ್ದು. ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಅಲ್ಲಿರಲಿ." ಹೇಳಿ ಅವಳ ಕಡೆ ತಿರುಗಿದರು. "ಬರೀ ಕಲ್ಲಮ್ಮ. ನೀರಿಲ್ಲ. ಬೈಕೋಬೇಡ."

"ಷರತ್ತು?"

"ನನಗೆ ಟೈಪ್ ಮಾಡೋಕೆ ಬರಲ್ಲ," ಎಂದರು ದೊಡ್ಡಮ್ಮ.

ಕಲ್ಲೆಂದರೆ ಕಲ್ಲೇ. ಹದ ಮಾಡಿದ ಮಣ್ಣು, ಬಾವಿ, ಇನ್ನೇನು ಅಗೆಯಬೇಕಿದ್ದ ಸಿಹಿಗೆಣಸು, ಎಲ್ಲ ಕೆಳಗೇ ಉಳಿಯಿತು. ಗಂಡ ಮೂರು ದಿನ ಅವಳೊಡನೆ ಮಾತು ಬಿಟ್ಟ. ನಾಲ್ಕನೆಯ ದಿನ ಎರಡು ಕೊಡ ಹಿಡಿದು ಬೀದಿಯ ನಲ್ಲಿಗೆ ಹೋದ. ಎಷ್ಟು ನಿಮಿಷಕ್ಕೆ ಒಂದು ಸುತ್ತು ಆಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಬಂದು, "ಹದಿನೇಳು," ಎಂದ. ರಾಜಿಯಾಯಿತು ಎಂದರ್ಥ. ದೊಡ್ಡ ಮಗಳು ಹಾರೆಯಿಂದ ಕಲ್ಲೆಬ್ಬಿಸಿದಳು, ಚಿಕ್ಕವಳು ಅವನ್ನು ಗೋಡೆಗೆ ಪೇರಿಸಿದಳು. ಮೊದಲ ವರ್ಷ ಆ ಎಕರೆಯಲ್ಲಿ ಬೆಳೆದದ್ದು ಮುಖ್ಯವಾಗಿ ಗೋಡೆ. ಎರಡನೆಯ ವರ್ಷ ಕುಂಬಳ ಹಬ್ಬಿತು. ಮೂರು ವರ್ಷ ಅಂಗಡಿಯಿಂದ ತಂದ ಆಲೂಗಡ್ಡೆಯನ್ನೇ ತಿಂದರು. ನಾಲ್ಕನೆಯ ವರ್ಷ ತಮ್ಮದು ಬಂತು.

ಅಗೆತ, ನಾಟಿ, ಕಲ್ಲಿನ ಕೆಲಸ ಯಾವುದನ್ನೂ ಅವಳು ಇಂದಿಗೂ ಭಾನುವಾರ ಮುಟ್ಟುವುದಿಲ್ಲ. ಹಾಲು ಮಾತ್ರ ಕರೆಯುತ್ತಾಳೆ. ಕೊಟ್ಟಿಗೆಯನ್ನು ರಸ್ತೆಯ ಅಂಚಿಗೇ, ಚರ್ಚಿಗೆ ಹೋಗುವವರೆಲ್ಲ ನೋಡುವಂತೆ ಕಟ್ಟಿಸಿದ್ದಾಳೆ. ಒಳಗಡೆ ಜಾಗ ಇತ್ತಲ್ಲ ಎಂದು ನಾನು ಕೇಳಿದ್ದೆ. ಇತ್ತು, ಎಂದಳು.

ಕಳೆದ ಭಾನುವಾರ ನಾನು ಅಲ್ಲಿದ್ದಾಗ ದೊಡ್ಡಪ್ಪ ಕೋಲೂರಿಕೊಂಡು ಬಂದರು. ಈಗ ಅವರಿಗೆ ಎಂಬತ್ತೇಳು. ಬೇಲಿಯ ಹತ್ತಿರ ನಿಂತರು.

"ಇವತ್ತು ಭಾನುವಾರ."

"ಗೊತ್ತು ಮಾವ. ಅದಕ್ಕೇ ಬೇಗ ಕರೀತಿದ್ದೀನಿ. ಆರಾಧನೆಗೆ ತಡ ಆಗಬಾರದಲ್ಲ."

ಅವರು ಇನ್ನೂ ಸ್ವಲ್ಪ ಹೊತ್ತು ನಿಂತು, ಮುಂದೆ ನಡೆದರು. ಅವಳು ತಲೆಯೆತ್ತಲಿಲ್ಲ. ಕೆಚ್ಚಲಿನ ಇನ್ನೊಂದು ತೊಟ್ಟಿಗೆ ಕೈ ಹಾಕಿದಳು.