ಎರವಲು ಕೂಸು

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಕಚೇರಿಯಿದ್ದ ಸೇವಾಸಂಸ್ಥೆಯೊಂದು ಕಮಲಾಪುರದಲ್ಲಿ ತಾಯಂದಿರಿಗೆ ಓದು ಕಲಿಸುತ್ತಿತ್ತು. ಅದರಿಂದ ಪ್ರಯೋಜನವಾಗಿದೆಯೇ ಎಂದು ನೋಡಿ ವರದಿ ಬರೆಯುವ ಕೆಲಸ ನನ್ನದು. ಚಿಕ್ಕ ಮಗುವಿದ್ದ ತಾಯಿಗೆ ಮಾತ್ರ ಅಲ್ಲಿ ಪ್ರವೇಶ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳು ಒಂದು ಪುಟ ಕಥೆ ಓದಬೇಕು, ನಾನು ಅಂಕ ಹಾಕಬೇಕು.

ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಎಲ್ಲರಿಗಿಂತ ಚೆನ್ನಾಗಿ ಓದಿದಳು. ಮಡಿಲಲ್ಲಿದ್ದ ಮಗು ಮಾತ್ರ ಅರ್ಧಕ್ಕೇ ಅಳುತ್ತ ಪಕ್ಕದವಳ ಸೆರಗು ಹಿಡಿಯಿತು.

“ಕಥಿ ಮುಗಿಯೂತನಕ ಸುಮ್ಮ ಕೂಡಂದ್ರ ಕೇಳ್ತದೇನವಾ ನಿನ್ನ ಮಗ?” ಎಂದು ಹಿಂದೆ ಕುಳಿತ ಮುದುಕಿ ಪಕ್ಕದವಳನ್ನು ಛೇಡಿಸಿದಳು. ನಾನು ಅಂಕದ ಹಾಳೆಯಿಂದ ತಲೆಯೆತ್ತಿ ಓದಿದವಳತ್ತ ನೋಡಿದೆ.

“ನನ್ನ ಕೂಸು ಹ್ವಾದ ವರ್ಷ ಜ್ವರದಾಗ ತೀರಿ ಹೋಯ್ತರಿ,” ಎಂದಳು ಓದಿದವಳು. “ಕೂಸಿಲ್ಲಂದ್ರ ಹೆಸರು ತೆಗೀತಾರಂತ ಆಕೀ ಕೂಸು ಇಸ್ಕೊಂಡು ಕುಂತೀನ್ರಿ. ಮನ್ಯಾಗ ಕುಂತ್ರ ಅದೇ ನೆಪ್ಪಾಗ್ತದ. ಹೆಸರು ತೆಗೀಬ್ಯಾಡ್ರಿ, ಸರ.”

ಕಂಡದ್ದನ್ನು ಕಂಡಂತೆ ಬರೆಯುವುದು ನನ್ನ ರೂಢಿ. ಓದಿಗೆ ಪೂರ್ತಿ ಅಂಕ ಕೊಟ್ಟೆ. ‘ಮಗು ಇದೆಯೇ’ ಎಂಬ ಸಾಲಿನಲ್ಲಿ ‘ಇಲ್ಲ’ ಎಂದು ಬರೆದೆ. ಅವಳನ್ನು ಮುಂದುವರಿಸಬೇಕೆಂದು ಕೆಳಗೊಂದು ಟಿಪ್ಪಣಿ ಸೇರಿಸಿದೆ.

ಎರಡನೇ ಸಲ ಹೋದಾಗ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪಕ್ಕದವಳು ಅದೇ ಪುಟವನ್ನು ತಡವರಿಸುತ್ತ ಓದಿದಳು. ಆ ಮಗು ಕೊನೆಯವರೆಗೂ ಅವಳ ಮಡಿಲಲ್ಲಿ ಸುಮ್ಮನೆ ಕೂತಿತ್ತು.